ಎಣಿಕೆಗೆ ಸಿಗದವು

ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಿ ನನ್ನ ಕನ್ನಡಕದಂಗಡಿ.
ಅಕ್ಷರದ ಬೋರ್ಡಿನ ಪಕ್ಕಕ್ಕೊಂದು ಗಾಜಿನ ತೊಟ್ಟಿ,
ಎರಡು ಏಂಜಲ್, ಒಂದು ಗೌರಾಮಿ.
ಅಂಚಿನ ಮೇಲೆ ನಿಲ್ಲಿಸಿಟ್ಟ ಬೆಳ್ಳಿ ತಟ್ಟೆಗಳ ಹಾಗೆ
ಅಲ್ಲಾಡದೆ ನಿಂತು
ಬಂದವರನ್ನು ಮೇಲಿಂದ ಕೆಳಗೆ ಅಳೆಯುತ್ತವೆ.

ಓದು ಬರದವರಿಗೆ ಬೋರ್ಡು ಬರೀ ಇರುವೆ ಸಾಲು.
ಅಂಥವರಿಗೆ ಮಸೂರ ಸಿಗಿಸಿ, ಮುಖ ತೊಟ್ಟಿಯತ್ತ ತಿರುಗಿಸಿ
‘ಏನು ಕಾಣ್ತೈತೆ?’ ಅನ್ನುತ್ತಿದ್ದೆ.
‘ಮೂರು ಮೀನು.’
ಕನ್ನಡಕ ತೆಗೆದರೂ ಮೂರು ಮೀನು.
ಅಷ್ಟು ದೊಡ್ಡದನ್ನು ಕಾಣಲು ನನ್ನ ಅಂಗಡಿ ಯಾಕೆ ಬೇಕು?

ಸಣ್ಣವು ಹನ್ನೆರಡು ಕೊಡು ಅಂದೆ, ಮೀನಂಗಡಿಯ ರಹಮತ್‌ಗೆ.
‘ನಿಮ್ಮ ಏಂಜಲ್ ಬಾಯಿ ಎಷ್ಟಗಲ ತೆರೀತೈತೆ?’
ನಾಲ್ಕು ವರ್ಷ ಸಾಕಿದ್ದೇನೆ,
ಊರಿನ ಮೂಗುಗಳನ್ನೆಲ್ಲ ಮಿಲಿಮೀಟರಿನಲ್ಲಿ ಬಲ್ಲೆ,
ಬಾಯಿ ಅಳೆದಿರಲಿಲ್ಲ.
‘ಬಾಯಿಗೆ ಹಿಡಿಯೋದು ಮೀನಲ್ಲಣ್ಣ, ತುತ್ತು’ ಎಂದು ನಕ್ಕ.
ನಿಯಾನ್ ಬೇಡವಂತೆ, ನಮ್ಮ ಬೋರಿನ ಗಡಸು ನೀರಿಗೆ
ಎರಡು ದಿನ ಉರಿದು ಆರುತ್ತವಂತೆ.
ಪಟ್ಟೆ ಪಟ್ಟೆ ಜೀಬ್ರಾ ಮೀನು ಕಟ್ಟಿಕೊಟ್ಟ.
‘ಇವು ಜಗಳ ಆಡಲ್ಲ. ಓಡ್ತಾವೆ.’

ಬಿಡುವುದಕ್ಕೂ ಒಂದು ಶಾಸ್ತ್ರ.
ಮೊದಲು ದೊಡ್ಡವಕ್ಕೆ ಹೊಟ್ಟೆತುಂಬ ಹಾಕು.
ದೀಪ ಆರಿಸು.
ಕಲ್ಲುಗಳನ್ನು ಕಿತ್ತು ಬೇರೆ ಕಡೆ ಜೋಡಿಸು,
ತನ್ನ ಮೂಲೆ ಯಾವುದೆಂದು ಯಾರಿಗೂ ನೆನಪಿರಬಾರದು.
ಆಮೇಲೆ ಚೀಲವನ್ನು ನೀರ ಮೇಲೆ ತೇಲಿಬಿಟ್ಟು
ಒಂದು ಚಹಾ ಕುಡಿದು ಬಾ.

ಬೆಟ್ಟದ ಬುಡದಿಂದ ತಂದಿದ್ದ ಕಲ್ಲು ಎರಡನ್ನು
ಒಂದಕ್ಕೊಂದು ಒರಗಿಸಿದೆ.
ನಡುವೆ ಒಂದು ಸಂದಿ, ಕಿರುಬೆರಳಿನಷ್ಟು.
ಈ ಊರಿನಲ್ಲಿ ಕಲ್ಲಿನ ಸಂದಿಗೆ ಕಿಂಡಿ ಎಂದರೆ ಸಾಕು,
ಎಲ್ಲರಿಗೂ ಒಂದೇ ಕಥೆ ನೆನಪಾಗುತ್ತದೆ.
ಅದನ್ನು ನಾನು ಹೇಳುವುದಿಲ್ಲ.
ಇದು ಒಳಗೆ ನುಗ್ಗುವವರ ದಾರಿಯಲ್ಲ,
ತಪ್ಪಿಸಿಕೊಳ್ಳುವವರದು.

ಬೆಳಿಗ್ಗೆ ಎಣಿಸಿದೆ. ಹನ್ನೊಂದು.
ಮತ್ತೆ ಎಣಿಸಿದೆ. ಹದಿಮೂರು.
ಗೀರು ಎಳೆದಂತೆ ಹೋಗಿ ಅಲ್ಲೇ ಅಳಿಸಿಕೊಂಡು ಬರುವ ಇವನ್ನು
ಒಂದೊಂದಾಗಿ ಹಿಡಿಯುವುದು ಹೇಗೆ?
ಹತ್ತು. ಹನ್ನೆರಡು. ಹನ್ನೊಂದು.
ಏಂಜಲ್ ಮುಖ ನೋಡಿದೆ.
ತಿಂದವರ ಮುಖವೂ ಅಲ್ಲ, ತಿನ್ನದವರ ಮುಖವೂ ಅಲ್ಲ.

ಗುರುವಾರ ಪಾಲಮ್ಮ ಬಂದಳು, ಎಂಬತ್ತು ಕುರಿಗಳ ಒಡತಿ,
ಸೂಜಿಗೆ ದಾರ ಹೋಗುತ್ತಿಲ್ಲವೆಂದು.
ಮಸೂರ ಹಾಕಿ, ತಿರುಗಿಸಿ ಕೇಳಿದೆ:
‘ಸಣ್ಣವು ಎಷ್ಟವೆ?’
ಅವಳು ತೊಟ್ಟಿಯನ್ನು ನೋಡಲೇ ಇಲ್ಲ. ಕಿಂಡಿಯನ್ನು ನೋಡಿದಳು.
ತುಟಿ ಮಾತ್ರ ಅಲ್ಲಾಡುತ್ತಿತ್ತು.
‘ಸುತ್ತಾಡೋದನ್ನ ಎಣಿಸಬಾರ್ದಪ್ಪ,
ಹಟ್ಟಿ ಬಾಗ್ಲಲ್ಲಿ ನಿಂತು ದಾಟೋದನ್ನ ಎಣಿಸ್ಬೇಕು.
ಹನ್ನೊಂದು ದಾಟಿದವು.’

ನನ್ನ ಎದೆಯಲ್ಲಿ ಏನೋ ಕುಸಿಯಿತು,
ಒಂದು ಮೀನಿಗೆ ಇಷ್ಟೊಂದೇ ಅನ್ನಿಸಿತು.
‘ಇನ್ನೊಂದು ಒಳಗೇ ಐತೆ ಬಿಡು’ ಅಂದಳು.
‘ಕಾಣ್ತೈತಾ?’
‘ಇಲ್ಲ. ಉಳಿದವು ಅಲ್ಲಿ ನಿಧಾನ ಮಾಡ್ತಾವಲ್ಲ,
ಯಾರನ್ನೋ ಕಾಯೋ ಹಂಗೆ.’

ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ
‘ಇದು ಸೂಜಿಗೆ ಆಯ್ತು’ ಎಂದು ಗೂಡಿಗೆ ಹಾಕಿಕೊಂಡಳು.
ಇನ್ನೂರು ರೂಪಾಯಿ ಬಾಕಿ ಉಳಿಸಿ ಹೋದಳು.

ರಾತ್ರಿ ಶಟರ್ ಅರ್ಧ ಎಳೆದು, ದೀಪ ಆರಿಸಿ
ಕಿಂಡಿಯ ಬಾಯಿಗೆ ಒಂದು ಚಿಟಿಕೆ ಕಾಳು ಉದುರಿಸುತ್ತೇನೆ ಈಗ.
ಬೆಳಿಗ್ಗೆ ಇರುವುದಿಲ್ಲ.
ಯಾರು ತಿಂದರೋ.
ಏಂಜಲ್ ಬೆಳ್ಳಗೆ ನಿಂತಿದೆ, ಗೌರಾಮಿ ಮೇಲೆ ಬಂದು ಗುಟುಕು ಗಾಳಿ ಎಳೆಯುತ್ತದೆ.
ನಾನೂ ನನ್ನ ಅಂಗಡಿಯದೇ ಒಂದು ಕನ್ನಡಕ ಹಾಕಿಕೊಂಡು
ಸಂದಿಯ ಕತ್ತಲೆಗೆ ಹಣೆ ತಾಗಿಸುತ್ತೇನೆ.
ಗಾಜು ತಣ್ಣಗಿದೆ.